ನೆರೆ ಇಳಿದ ಮೇಲೆ ಮನೆಯೊಳಗಿನ ಲೆಕ್ಕ

ಬಾಗಲಕೋಟೆ ಜಿಲ್ಲೆಯನ್ನು ಯಾರೂ ಮಳೆಯ ನಾಡೆಂದು ಕರೆಯುವುದಿಲ್ಲ. ವರ್ಷವಿಡೀ ಬಿದ್ದ ಮಳೆಯನ್ನು ಕೂಡಿಸಿದರೂ ಅದು ಸುಮಾರು 600 ಮಿಲಿಮೀಟರ್ ಮುಟ್ಟಿದರೆ ದೊಡ್ಡದು. ಕರಾವಳಿಯ ಸಹೋದರಿಯರಿಗೆ ಅರ್ಥವಾಗುವಂತೆ ಹೇಳುವುದಾದರೆ, ಮಂಗಳೂರಿನಲ್ಲಿ ಜುಲೈ ತಿಂಗಳೊಂದರಲ್ಲೇ ಬೀಳುವಷ್ಟು ಮಳೆ ಇಲ್ಲಿ ಇಡೀ ವರ್ಷಕ್ಕೆ ಬೀಳುವುದಿಲ್ಲ. ಇಲ್ಲಿನ ಜನರಿಗೆ ಪರಿಚಿತವಾದದ್ದು ಬರ. ಮಳೆಗಾಗಿ ಮೈದಾನದಲ್ಲಿ ಸೇರಿ ನಮಾಝ್ ಮಾಡಿದ ನೆನಪು ಇಲ್ಲಿನ ಪ್ರತಿಯೊಂದು ಊರಿಗೂ ಇದೆ. ಆದರೂ 2005ರಲ್ಲಿ, 2009ರಲ್ಲಿ, 2019ರಲ್ಲಿ, 2021ರಲ್ಲಿ ಇದೇ ಜಿಲ್ಲೆಯ ಜನರು ಮಕ್ಕಳನ್ನು ಎತ್ತಿಕೊಂಡು ಶಾಲಾ ಕಟ್ಟಡಗಳಿಗೆ, ಗುಡ್ಡದ ಬದಿಗೆ ಓಡಿದರು. 2024ರ ಜುಲೈ ಕೊನೆಯಲ್ಲೂ ಘಟಪ್ರಭೆ ಮುಧೋಳ ತಾಲೂಕಿನ ಹೊಲಗದ್ದೆಗಳಿಗೆ ನುಗ್ಗಿತು.

ಇದು ಹೇಗೆ ಸಾಧ್ಯ? ಮಳೆ ಬೀಳದ ಊರಿಗೆ ನೆರೆ ಎಲ್ಲಿಂದ ಬರುತ್ತದೆ? ನೆರೆ ಇಳಿದ ಮೇಲೆ ಸರ್ಕಾರದ ಲೆಕ್ಕದಲ್ಲಿ ಏನೇನು ಸೇರುತ್ತದೆ, ಏನೇನು ಬಿಟ್ಟುಹೋಗುತ್ತದೆ? ಮನೆಯ ಒಳಗಿನ ಬದುಕನ್ನು ನಡೆಸುವ ಹೆಣ್ಣುಮಕ್ಕಳು ಈ ಪ್ರಶ್ನೆಗಳಿಗೆ ಉತ್ತರ ತಿಳಿದಿರುವುದು ಅಗತ್ಯ. ಏಕೆಂದರೆ ಆ ಲೆಕ್ಕದಲ್ಲಿ ಬಿಟ್ಟುಹೋಗುವ ಹೆಚ್ಚಿನ ವಸ್ತುಗಳು ಅವರ ಕೈಯಲ್ಲಿ ಇದ್ದವೇ ಆಗಿರುತ್ತವೆ.

ಬಿಸಿಲಲ್ಲಿ ಬರುವ ಹೊಳೆ

ಜಿಲ್ಲೆಯಲ್ಲಿ ಮೂರು ಹೊಳೆಗಳಿವೆ. ಉತ್ತರದ ಅಂಚಿಗೆ ಕೃಷ್ಣೆ, ನಡುವೆ ಘಟಪ್ರಭೆ, ದಕ್ಷಿಣದಲ್ಲಿ ಮಲಪ್ರಭೆ. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ, ಮಲಪ್ರಭೆ ಕೂಡಲಸಂಗಮದಲ್ಲಿ. ಮೂರೂ ಹುಟ್ಟುವುದು ದೂರದ ಸಹ್ಯಾದ್ರಿಯಲ್ಲಿ. ಕೃಷ್ಣೆಯದು ಮಹಾಬಳೇಶ್ವರ, ಘಟಪ್ರಭೆಯದು ಮಹಾರಾಷ್ಟ್ರದ ಘಟ್ಟ, ಮಲಪ್ರಭೆಯದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿ. ಆ ಘಟ್ಟಗಳಲ್ಲಿ ಸುರಿಯುವ ಮಳೆ ಸಾವಿರಾರು ಮಿಲಿಮೀಟರ್ ಲೆಕ್ಕದ್ದು. ಆದ್ದರಿಂದಲೇ ಬಾದಾಮಿ, ಹುನಗುಂದ, ಮುಧೋಳ, ಜಮಖಂಡಿ ತಾಲೂಕುಗಳ ಹೊಳೆಸಾಲಿನ ಊರುಗಳಲ್ಲಿ ಆಕಾಶ ತಿಳಿಯಾಗಿದ್ದಾಗಲೂ ನೀರು ಏರುತ್ತದೆ. ಅಂಗಳದಲ್ಲಿ ಮೆಣಸಿನಕಾಯಿ ಒಣಗಲು ಹಾಕಿರುವಾಗಲೇ ಊರು ಬಿಡಬೇಕೆಂಬ ಸೂಚನೆ ಬರಬಹುದು.

ನಡುವೆ ಅಣೆಕಟ್ಟುಗಳಿವೆ. ಮಲಪ್ರಭೆಗೆ ಸವದತ್ತಿ ಬಳಿಯ ನವಿಲುತೀರ್ಥ, ಅದರ ಸಾಮರ್ಥ್ಯ 37 ಟಿಎಂಸಿಗೆ ತುಸು ಹೆಚ್ಚು. ಘಟಪ್ರಭೆಗೆ ಹಿಡಕಲ್, 51 ಟಿಎಂಸಿ. ಕೆಳಗೆ ಕೃಷ್ಣೆಗೆ ಆಲಮಟ್ಟಿ, 123 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಅಣೆಕಟ್ಟು ಇದ್ದರೆ ನೆರೆ ತಡೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಇವೆಲ್ಲ ಮುಖ್ಯವಾಗಿ ನೀರಾವರಿಗಾಗಿ ಕಟ್ಟಿದವು. ನೀರಾವರಿಯ ಅಣೆಕಟ್ಟಿಗೆ ಮಳೆಗಾಲ ಮುಗಿಯುವ ಹೊತ್ತಿಗೆ ತುಂಬಿರಬೇಕೆಂಬ ಆಸೆ, ನೆರೆ ತಡೆಯಬೇಕಾದ ಅಣೆಕಟ್ಟಿಗೆ ಖಾಲಿ ಜಾಗ ಇರಬೇಕೆಂಬ ಅಗತ್ಯ. ಎರಡೂ ಒಂದೇ ಕೊಡದಲ್ಲಿ ಹಿಡಿಸುವುದಿಲ್ಲ. ಕೊಡ ತುಂಬಿದ ಮೇಲೆ ಘಟ್ಟದಲ್ಲಿ ಮಳೆ ಜೋರಾದರೆ, ಬಂದಷ್ಟು ನೀರನ್ನು ಕೆಳಕ್ಕೆ ಬಿಡದೆ ಎಂಜಿನಿಯರ್‌ಗಳಿಗೆ ಬೇರೆ ದಾರಿಯಿಲ್ಲ.

ಪತ್ರಿಕೆಗಳಲ್ಲಿ ಆಗ 'ಇಷ್ಟು ಕ್ಯೂಸೆಕ್ ನೀರು ಬಿಡುಗಡೆ' ಎಂದು ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಅಂದರೆ ಎರಡು ಕೊಡ ನೀರು. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಂತು. ಪ್ರತಿ ಸೆಕೆಂಡಿಗೆ ಹತ್ತು ಲಕ್ಷ ಕೊಡ! ಆ ಲೆಕ್ಕವನ್ನು ಮನಸ್ಸಿನಲ್ಲಿ ಹಿಡಿಯುವುದೇ ಕಷ್ಟ.

ನೆನಪು ಚಿಕ್ಕದು, ಹೊಳೆಯ ದಾರಿ ದೊಡ್ಡದು

2005ರ ಜುಲೈ–ಆಗಸ್ಟ್‌ನ ನೆರೆ ಮಹಾರಾಷ್ಟ್ರದ ಮಳೆಯಿಂದ ಬಂದದ್ದು. ಮುಂಬಯಿ ಮುಳುಗಿದ ಅದೇ ದಿನಗಳು. ಕೃಷ್ಣಾ ತೀರದ ಊರುಗಳು ಆಗ ತತ್ತರಿಸಿದವು.

2009ರದ್ದು ಬೇರೆ ಬಗೆಯದು. ಆ ವರ್ಷ ಮಳೆ ಕೈಕೊಟ್ಟಿತು ಎಂಬ ಚಿಂತೆಯಲ್ಲಿ ಇದ್ದಾಗಲೇ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಮೋಡಗಳು ಉತ್ತರ ಕರ್ನಾಟಕದ ಮೇಲೆಯೇ ಸುರಿದವು. ಘಟ್ಟದ ಮಳೆಯಲ್ಲ, ಮನೆಯ ಮೇಲಿನ ಮಳೆ. ಈ ಭಾಗದ ಹಳೆಯ ಮನೆಗಳಿಗೆ ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬಿಸಿಲಿಗೆ ಇದಕ್ಕಿಂತ ತಂಪಾದ ಮನೆ ಇಲ್ಲ. ಆದರೆ ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಗೋಡೆ ಕುಸಿಯುತ್ತದೆ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಲವರು ಸತ್ತದ್ದು ಹೊಳೆಯಲ್ಲಿ ಕೊಚ್ಚಿಹೋಗಿ ಅಲ್ಲ, ಸ್ವಂತ ಮನೆಯ ಗೋಡೆಯ ಕೆಳಗೆ. ಅದೇ ನೆರೆಯಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿತು, ಕರ್ನೂಲು ನಗರ ಮುಳುಗಿತು.

2019ರ ಆಗಸ್ಟ್‌ನಲ್ಲಿ ಮೂರೂ ಹೊಳೆಗಳು ಒಟ್ಟಿಗೆ ಬಂದವು. ಮುಧೋಳಕ್ಕೆ ಘಟಪ್ರಭೆ ನುಗ್ಗಿತು. ಮಲಪ್ರಭೆ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ಹೊಕ್ಕಿತು. ವಿಶ್ವ ಪರಂಪರೆಯ ತಾಣ ನೀರಲ್ಲಿ ನಿಂತ ಚಿತ್ರ ದೇಶವೆಲ್ಲ ನೋಡಿತು, ಪಕ್ಕದ ಓಣಿಗಳ ಚಿತ್ರ ಅಷ್ಟಾಗಿ ಯಾರೂ ನೋಡಲಿಲ್ಲ. ಇಲ್ಲೊಂದು ವಿಪರ್ಯಾಸವಿದೆ. ಮಲಪ್ರಭೆಯಲ್ಲಿ ನೀರಿಲ್ಲ, ಕಳಸಾ-ಬಂಡೂರಿಯ ನೀರು ತಿರುಗಿಸಿ ಕೊಡಿ ಎಂದು ನರಗುಂದದಲ್ಲಿ 2015ರಿಂದ ರೈತರು ಹೋರಾಟಕ್ಕೆ ಕುಳಿತಿದ್ದರು. ಅದೇ ನರಗುಂದ ತಾಲೂಕಿನ ಕೊಣ್ಣೂರು ನಾಲ್ಕು ವರ್ಷಗಳ ನಂತರ ಅದೇ ಹೊಳೆಯಲ್ಲಿ ಮುಳುಗಿತು. ವರ್ಷಗಟ್ಟಲೆ ಹೊಳೆ ಒಣಗಿದ್ದರಿಂದ ಅದರ ಪಾತ್ರದೊಳಗೇ ಬಿತ್ತನೆ ನಡೆದಿತ್ತು, ದಂಡೆಯಲ್ಲಿ ಜಾಲಿ ಬೆಳೆದಿತ್ತು. ಒಣಗಿದ ಹೊಳೆಯನ್ನು ಜನರು ಹೊಲವೆಂದು ತಿಳಿದರು. ಹೊಳೆ ತನ್ನ ದಾರಿಯನ್ನು ಮರೆತಿರಲಿಲ್ಲ.

'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಎಂಬ ಮಾತನ್ನು ನಾವು ಕೇಳುತ್ತೇವೆ. ಈ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ಒಮ್ಮೆ ಬಂತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ಎಂದು ಇದರ ಅರ್ಥವಲ್ಲ. ಪ್ರತಿ ವರ್ಷವೂ ಅಂತಹ ನೆರೆ ಬರುವ ಸಾಧ್ಯತೆ ನೂರಕ್ಕೆ ಒಂದು ಎಂದಷ್ಟೇ ಅರ್ಥ. ಈ ವರ್ಷ ಬಂದರೂ ಮುಂದಿನ ವರ್ಷದ ಸಾಧ್ಯತೆ ಅಷ್ಟೇ ಇರುತ್ತದೆ. ಒಂದೇ ಮನೆಯಲ್ಲಿ 30 ವರ್ಷ ಬಾಳಿದರೆ ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ನೂರಕ್ಕೆ 26, ಅಂದರೆ ನಾಲ್ಕು ಮನೆಗಳಲ್ಲಿ ಒಂದಕ್ಕೆ. ಮದುವೆಯಾಗಿ ಹೊಳೆಸಾಲಿನ ಊರಿಗೆ ಬಂದ ಹುಡುಗಿ ಸೊಸೆಯನ್ನು ತರುವಷ್ಟರಲ್ಲಿ ನಡೆಯಬಹುದಾದ ಸಂಗತಿ ಇದು.

ಗೋಡೆಯ ಬೆಲೆ, ಪಾತ್ರೆಯ ಬೆಲೆ

ನೆರೆ ಇಳಿದ ಮೇಲೆ ಅಧಿಕಾರಿಗಳು ಬರುತ್ತಾರೆ, ಗೋಡೆ ನೋಡುತ್ತಾರೆ. ಎಷ್ಟು ಭಾಗ ಬಿದ್ದಿದೆ ಎಂಬುದರ ಮೇಲೆ ಮನೆಗೆ ಎ, ಬಿ, ಸಿ ಎಂಬ ವರ್ಗ ಸಿಗುತ್ತದೆ. 2019ರಲ್ಲಿ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಕೇಂದ್ರದ ನಿಯಮದ ಪ್ರಕಾರ ಸಿಗಬೇಕಾಗಿದ್ದ 95,100 ರೂಪಾಯಿಗೆ ಹೋಲಿಸಿದರೆ ಇದು ದೊಡ್ಡ ಮೊತ್ತವೇ ಸರಿ, ಅದನ್ನು ಒಪ್ಪಿಕೊಳ್ಳಬೇಕು. ಹಣ ಒಂದೇ ಬಾರಿ ಬರುವುದಿಲ್ಲ. ತಳಪಾಯ, ಗೋಡೆ, ಛಾವಣಿ ಎಂದು ಹಂತ ಹಂತವಾಗಿ, ಪ್ರತಿ ಹಂತದ ಫೋಟೋ ಏರಿಸಿದ ಮೇಲೆ ಬರುತ್ತದೆ. ಕೈಯಲ್ಲಿ ಕಾಸಿಲ್ಲದವರು ಮೊದಲ ಹಂತ ಮುಗಿಸಲು ಸಾಲ ಮಾಡಬೇಕಾಗುತ್ತದೆ.

ಮನೆಯ ಒಳಗಿದ್ದವುಗಳ ಗತಿ? ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಅದಕ್ಕೂ ಒಂದು ಸಾಲು ಇದೆ. ಮನೆ ಕೊಚ್ಚಿಹೋಗಿದ್ದರೆ ಅಥವಾ ಎರಡು ದಿನಕ್ಕಿಂತ ಹೆಚ್ಚು ಕಾಲ ನೀರಲ್ಲಿ ನಿಂತಿದ್ದರೆ, ಒಂದು ಕುಟುಂಬಕ್ಕೆ ಬಟ್ಟೆಗೆಂದು 1,800 ರೂಪಾಯಿ, ಪಾತ್ರೆ ಮತ್ತು ಗೃಹೋಪಯೋಗಿ ವಸ್ತುಗಳಿಗೆಂದು 2,000 ರೂಪಾಯಿ. 2019ರಲ್ಲಿ ಇದ್ದ ದರ ಇದು. ಒಟ್ಟು 3,800. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ತಕ್ಷಣದ ನೆರವನ್ನು 10,000 ರೂಪಾಯಿಗೆ ಏರಿಸಿತು. 2022ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಕೇಂದ್ರದ ದರ ಬಟ್ಟೆಗೆ 2,500, ಪಾತ್ರೆಗೆ 2,500 ಎಂದು ನಿಗದಿಯಾಯಿತು.

ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ನಾನೊಮ್ಮೆ ಅವರವರ ಮನೆಯಲ್ಲಿರುವ ವಸ್ತುಗಳ ಪಟ್ಟಿ ಬರೆದು ಬರಲು ಹೇಳಿದ್ದೆ. ಸಮಾಜ ವಿಜ್ಞಾನದ ವಿಪತ್ತು ನಿರ್ವಹಣೆಯ ಪಾಠ ನಡೆಯುತ್ತಿತ್ತು. ಹುಡುಗರ ಪಟ್ಟಿ ಕೇಳಿದ್ದರೆ ಟಿವಿ, ಬೈಕು, ಮೊಬೈಲ್‌ಗೆ ಮುಗಿದುಹೋಗುತ್ತಿತ್ತೇನೋ. ಈ ಹುಡುಗಿಯರು ತಾಯಿಯ ಜೊತೆ ಕುಳಿತು ಬರೆದು ತಂದಿದ್ದರು. ಜೋಳದ ಚೀಲ ನಾಲ್ಕು. ರೊಟ್ಟಿ ಹೆಂಚು ಎರಡು. ಅಜ್ಜಿ ಹೊಲಿದ ಕೌದಿ ಏಳು. ಅಕ್ಕನ ಮದುವೆಗೆಂದು ಕೂಡಿಟ್ಟ ಪಾತ್ರೆಗಳ ಟ್ರಂಕು. ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಗಿರಾಕಿಗಳು ಕೊಟ್ಟ ಬಟ್ಟೆಯ ಗಂಟು. ಕೊನೆಯದನ್ನು ಓದಿ ನಾನು ಯೋಚಿಸುತ್ತಾ ಕುಳಿತೆ. ಯಂತ್ರ ಹೋದರೆ ದುಡಿಮೆ ಹೋಯಿತು, ಗಿರಾಕಿಯ ಬಟ್ಟೆ ಹೋದರೆ ಮೇಲಿಂದ ಸಾಲವೂ ಬಂತು. ಬೆಲೆ ಕೂಡಿಸಿ ನೋಡಿದಾಗ ತೀರಾ ಬಡ ಮನೆಯ ಪಟ್ಟಿಯೂ 2,000 ರೂಪಾಯಿಯ ಹತ್ತಿರ ಎಲ್ಲಿಯೂ ಬರಲಿಲ್ಲ.

ಗುಳೇದಗುಡ್ಡ, ಇಳಕಲ್, ರಬಕವಿ-ಬನಹಟ್ಟಿಗಳ ನೇಕಾರ ಮನೆಗಳಲ್ಲಿ ಸಮಸ್ಯೆ ಇನ್ನೂ ಕಠಿಣ. ಕುಣಿಮಗ್ಗ ಇರುವುದೇ ನೆಲದ ಗುಂಡಿಯಲ್ಲಿ. ಮನೆಗೆ ನೀರು ಬರುವ ಮೊದಲು ಮಗ್ಗಕ್ಕೆ ಬರುತ್ತದೆ. ನೂಲು ಸುತ್ತುವ ಹೆಂಗಸಿನ ಕೂಲಿ ಆ ದಿನದಿಂದಲೇ ನಿಲ್ಲುತ್ತದೆ. ಹಳೆಯ ಮನೆಗಳ ಹಗೇವುಗಳದ್ದೂ ಇದೇ ಕತೆ. ನೆಲದಡಿಯ ಜೋಳ ಒಮ್ಮೆ ನೀರು ಕುಡಿದರೆ ದನಗಳೂ ಮೂಸುವುದಿಲ್ಲ.

ಇದರ ಮೇಲೆ ಸಂಘದ ಸಾಲದ ಕಂತು. ವಾರದ ಕಂತಿನವರು ನೆರೆ ಬಂತೆಂದು ವಾರ ಬಿಡುವುದಿಲ್ಲ. ಪ್ರಕೃತಿ ವಿಕೋಪದ ಪ್ರದೇಶಗಳಲ್ಲಿ ಬ್ಯಾಂಕುಗಳು ಸಾಲದ ಅವಧಿ ಮುಂದೂಡಿ ಮರುಹೊಂದಿಸಲು ರಿಸರ್ವ್ ಬ್ಯಾಂಕಿನ ಸೂಚನೆಗಳಿವೆ. ಆದರೆ ಇದು ಸಾಮಾನ್ಯವಾಗಿ ಕೇಳಿದವರಿಗೆ ಸಿಗುವ ಸೌಲಭ್ಯ. ಬ್ಯಾಂಕಿನ ಶಾಖೆಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಗೆ ಸಹಿ ಪಡೆದುಕೊಳ್ಳುವುದು ಒಳ್ಳೆಯದು.

ಎತ್ತರದ ಮನೆಗೆ ಏಕೆ ಹೋಗುವುದಿಲ್ಲ?

'ಹೊಳೆ ದಂಡೆಯಲ್ಲಿ ಏಕೆ ಇರುತ್ತೀರಿ, ಎತ್ತರಕ್ಕೆ ಹೋಗಿ' ಎಂಬುದು ದೂರದಲ್ಲಿ ಕುಳಿತವರ ಸುಲಭದ ಸಲಹೆ. 2009ರ ನೆರೆಯ ನಂತರ 'ಆಸರೆ' ಯೋಜನೆಯಲ್ಲಿ ಸರ್ಕಾರ ಜಾಗ ಕೊಟ್ಟು, ದಾನಿಗಳು ಹಣ ಕೊಟ್ಟು ಎತ್ತರದ ಜಾಗಗಳಲ್ಲಿ ಸಾವಿರಾರು ಮನೆಗಳನ್ನು ಕಟ್ಟಿದರು. ಕೆಲವು ಊರುಗಳು ಅಲ್ಲಿಗೆ ಹೋಗಿ ನೆಲೆಸಿದವು. ಅನೇಕ ಕಡೆ ಮನೆಗಳು ಖಾಲಿ ಉಳಿದು ಬಾಗಿಲು ಕಿಟಕಿ ಮುರಿದವು. 2019ರಲ್ಲಿ ನೀರು ಬಂದಾಗ ಕೆಲವರು ಓಡಿಹೋಗಿ ಸೇರಿದ್ದು ಅದೇ ಖಾಲಿ ಮನೆಗಳನ್ನು.

ಜನರನ್ನು ಮೂರ್ಖರೆನ್ನುವ ಮೊದಲು ಆ ಮನೆಗಳ ನಕ್ಷೆ ನೋಡಬೇಕು. ಎಮ್ಮೆ ಕಟ್ಟಲು ಜಾಗವಿಲ್ಲ. ಮೇವಿನ ಬಣವೆಗೆ ಜಾಗವಿಲ್ಲ. ಮಗ್ಗಕ್ಕಂತೂ ಇಲ್ಲವೇ ಇಲ್ಲ. ಹೊಲ ದೂರ, ನಲ್ಲಿಯಲ್ಲಿ ನೀರು ಬರುವುದು ಯಾವಾಗಲೋ. ಅವಿಭಕ್ತ ಕುಟುಂಬದ ಮೂವರು ಸೊಸೆಯಂದಿರಿಗೆ ಒಂದು ಅಡುಗೆ ಕೋಣೆ. ಆ ನಕ್ಷೆ ಬರೆಯುವಾಗ ಊರಿನ ಒಬ್ಬ ಹೆಂಗಸನ್ನು ಕರೆದು ಕೇಳಿದ್ದರೆ ಅರ್ಧ ಮನೆಗಳಾದರೂ ತುಂಬಿರುತ್ತಿದ್ದವು ಎಂಬುದು ನನ್ನ ಅಭಿಪ್ರಾಯ.

ವಿಮೆ ಎಂದರೆ ಬೆಳೆಗೆ ಮಾತ್ರವೇ?

ಹಳ್ಳಿಯಲ್ಲಿ ವಿಮೆ ಎಂದರೆ ಎರಡೇ ನೆನಪಾಗುತ್ತವೆ, ಎಲ್‌ಐಸಿ ಮತ್ತು ಬೆಳೆ ವಿಮೆ. 2016ರಿಂದ ಇರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರು ಮುಂಗಾರು ಆಹಾರ ಬೆಳೆಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5 ಕಟ್ಟಿದರೆ ಉಳಿದದ್ದನ್ನು ಸರ್ಕಾರಗಳು ತುಂಬುತ್ತವೆ. ಪರಿಹಾರ ಸಾಮಾನ್ಯವಾಗಿ ಇಡೀ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ ನಿಂತಿದೆ. ಸ್ಥಳೀಯ ವಿಕೋಪದಿಂದ ನಮ್ಮ ಹೊಲವೊಂದೇ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಶಾಲೆಯಲ್ಲಿ ಆಶ್ರಯ ಪಡೆದ ಕುಟುಂಬಕ್ಕೆ 72 ಗಂಟೆ ಹೇಗೆ ಕಳೆಯಿತೆಂದು ತಿಳಿಯುವುದಿಲ್ಲ. ಗಂಡಸರು ದನಕರುಗಳ ಹಿಂದೆ ಓಡಾಡುತ್ತಿರುವಾಗ ಫೋನ್ ಮಾಡುವ ಕೆಲಸವನ್ನು ಮನೆಯ ಓದಿದ ಹುಡುಗಿಯೇ ವಹಿಸಿಕೊಳ್ಳಬಹುದು.

ಮನೆಗೂ ವಿಮೆ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಗೃಹ ವಿಮೆಯನ್ನು ಜಾರಿಗೆ ತಂದಿದೆ. ಬೆಂಕಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪೆನಿಗಳೂ ಇದನ್ನು ಕೊಡಬೇಕು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ ಎಲ್ಲವೂ ಇದರೊಳಗೆ ಬರುತ್ತವೆ. ಇದರಲ್ಲಿ ನನಗೆ ಮುಖ್ಯವೆನಿಸಿದ ಅಂಶವೆಂದರೆ, ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇ. 20ರಷ್ಟು ಮೊತ್ತಕ್ಕೆ, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನ್ಯ ವಸ್ತುಗಳಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. 5 ಲಕ್ಷದ ಮನೆಯಾದರೆ ಒಳಗಿನ ವಸ್ತುಗಳಿಗೆ 1 ಲಕ್ಷ. ಬಾಡಿಗೆದಾರರು ವಸ್ತುಗಳಿಗೆ ಮಾತ್ರ ಮಾಡಿಸಬಹುದು. ಮನೆ ವಾಸಕ್ಕೆ ಯೋಗ್ಯವಲ್ಲದಿದ್ದರೆ ಬೇರೆ ಕಡೆಯ ಬಾಡಿಗೆಗೂ ಅವಕಾಶವಿದೆ. ಕಡಿಮೆ ಮೊತ್ತಕ್ಕೆ ಮಾಡಿಸಿದ್ದೀರಿ ಎಂಬ ಕಾರಣ ಹೇಳಿ ಪರಿಹಾರವನ್ನು ಅನುಪಾತದಲ್ಲಿ ಕತ್ತರಿಸುವ ಹಳೆಯ ಪದ್ಧತಿ ಇದರಲ್ಲಿ ಇಲ್ಲ.

ಲೆಕ್ಕಕ್ಕೆ ಹಿಡಿಯುವುದು ಕಟ್ಟಡವನ್ನು ಇಂದು ಮತ್ತೆ ಕಟ್ಟಲು ತಗಲುವ ಖರ್ಚು, ಜಾಗದ ಬೆಲೆಯಲ್ಲ. ಹೀಗಾಗಿ ಹಳ್ಳಿಯ ಸಾಧಾರಣ ಮನೆಗೆ ವರ್ಷದ ಕಂತು ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ನಗದು ಹಣಕ್ಕೆ ಇದರಲ್ಲಿ ರಕ್ಷಣೆಯಿಲ್ಲ. ಒಡವೆಗೆ ಬೇಕಾದರೆ ಪ್ರತ್ಯೇಕವಾಗಿ ಸೇರಿಸಬೇಕು. ದನಕರುಗಳ ವಿಮೆ ಬೇರೆಯೇ. ಬ್ಯಾಂಕಿನ ಸಾಲದಿಂದ ಮನೆ ಕಟ್ಟಿದವರು ತಮ್ಮ ಸಾಲದ ಕಾಗದಗಳನ್ನು ಒಮ್ಮೆ ತೆಗೆದು ನೋಡಬೇಕು. ಬ್ಯಾಂಕೇ ವಿಮೆ ಮಾಡಿಸಿರಬಹುದು, ಅದು ಮುಗಿದೂ ಹೋಗಿರಬಹುದು.

ಮತ್ತೊಂದು ಸಣ್ಣ ವಿಷಯ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಇದೆ. ಕಡಿತ ಆಗುವುದು ಜೂನ್ ಆರಂಭದ ಹೊತ್ತಿಗೆ, ಸರಿಯಾಗಿ ಮಳೆಗಾಲದ ಬಾಗಿಲಲ್ಲಿ. ಆಗ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ರಕ್ಷಣೆ ತಪ್ಪುತ್ತದೆ.

ಅಮೆರಿಕದ ಒಂದು ಕೌಂಟಿಯ ಪಾಠ

ನೆರೆ ವಿಮೆಯನ್ನು ಸರ್ಕಾರವೇ ನಡೆಸಿದರೆ ಹೇಗಿರುತ್ತದೆ ಎಂದು ತಿಳಿಯಲು ಅಮೆರಿಕದ ಕಡೆ ನೋಡಬೇಕಾಗುತ್ತದೆ. ಖಾಸಗಿ ಕಂಪೆನಿಗಳು ನೆರೆ ವಿಮೆಯಿಂದ ಕೈ ತೊಳೆದುಕೊಂಡದ್ದರಿಂದ ಅಲ್ಲಿನ ಸರ್ಕಾರ 1968ರಲ್ಲಿ ರಾಷ್ಟ್ರೀಯ ನೆರೆ ವಿಮಾ ಯೋಜನೆಯನ್ನು ತಂದಿತು. ಮನೆಗೆ 2,50,000 ಡಾಲರ್, ಒಳಗಿನ ವಸ್ತುಗಳಿಗೆ 1,00,000 ಡಾಲರ್ ಗರಿಷ್ಠ ಮಿತಿ. ಹೊಸ ವಿಮೆ ಸಾಮಾನ್ಯವಾಗಿ 30 ದಿನಗಳ ನಂತರವೇ ಜಾರಿಗೆ ಬರುತ್ತದೆ. ಮೋಡ ನೋಡಿ ಓಡಿಬಂದವರಿಗೆ ಉಪಯೋಗವಿಲ್ಲ. ನೆರೆ ನಕ್ಷೆಯಲ್ಲಿ ಅಪಾಯದ ಪ್ರದೇಶವೆಂದು ಗುರುತಿಸಿದ ಕಡೆ ಮನೆ ಸಾಲ ಪಡೆಯಲು ಈ ವಿಮೆ ಕಡ್ಡಾಯ.

ನಾರ್ತ್ ಕೆರೊಲಿನಾ ರಾಜ್ಯದ ಎಡ್ಜ್‌ಕೂಂಬ್ ಎಂಬ ಗ್ರಾಮೀಣ ಕೌಂಟಿಯಲ್ಲಿ ಟಾರ್ ನದಿಯ ದಂಡೆಗೆ ಪ್ರಿನ್ಸ್‌ವಿಲ್ ಎಂಬ ಪುಟ್ಟ ಊರಿದೆ. 1865ರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರು ಅಲ್ಲಿ ನೆಲೆ ನಿಂತರು. ನೀರು ನುಗ್ಗುವ ತಗ್ಗು ಜಾಗವಾದ್ದರಿಂದ ಬಿಳಿಯರಿಗೆ ಅದು ಬೇಕಿರಲಿಲ್ಲ. 1885ರಲ್ಲಿ ಅದು ಅಧಿಕೃತ ಪಟ್ಟಣವಾಯಿತು. ಮತ್ತೆ ಮತ್ತೆ ಮುಳುಗಿದ ಮೇಲೆ 1967ರಲ್ಲಿ ಒಡ್ಡು ಕಟ್ಟಿದರು. ಮೂವತ್ತು ವರ್ಷ ನೀರು ಬರಲಿಲ್ಲ. ಜನರು ಧೈರ್ಯಗೊಂಡರು, ಅನೇಕರು ನೆರೆ ವಿಮೆಯ ಗೊಡವೆಗೇ ಹೋಗಲಿಲ್ಲ. 1999ರ ಸೆಪ್ಟೆಂಬರ್‌ನಲ್ಲಿ ಫ್ಲಾಯ್ಡ್ ಚಂಡಮಾರುತದ ಮಳೆಗೆ ನದಿ ಒಡ್ಡನ್ನೂ ಮೀರಿ ಬಂತು. ಇಡೀ ಊರು ವಾರಕ್ಕೂ ಹೆಚ್ಚು ಕಾಲ ನೀರಿನಡಿ ಇತ್ತು. ಮನೆಗಳನ್ನು ಕೊಂಡು ನಿಮ್ಮನ್ನು ಬೇರೆಡೆ ಕಳಿಸುತ್ತೇವೆ ಎಂದು ಸರ್ಕಾರ ಹೇಳಿದಾಗ, ನಮ್ಮ ಹಿರಿಯರು ಸ್ವತಂತ್ರರಾಗಿ ನಿಂತ ಮೊದಲ ನೆಲ ಇದು ಎಂದು ಅವರು ಒಪ್ಪಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಮ್ಯಾಥ್ಯೂ ಚಂಡಮಾರುತ ಅದನ್ನು ಮತ್ತೆ ಮುಳುಗಿಸಿತು.

ಆ ಯೋಜನೆಯೂ ಸುಖವಾಗಿಲ್ಲ. ಬಂದ ಕಂತಿಗಿಂತ ಕೊಟ್ಟ ಪರಿಹಾರ ಹೆಚ್ಚಾಗಿ ಸಾಲದಲ್ಲಿ ಮುಳುಗಿತು. 2017ರಲ್ಲಿ ಅಮೆರಿಕದ ಸಂಸತ್ತು 1,600 ಕೋಟಿ ಡಾಲರ್ ಸಾಲ ಮನ್ನಾ ಮಾಡಿದ ಮೇಲೂ 2,000 ಕೋಟಿ ಡಾಲರ್‌ಗಿಂತ ಹೆಚ್ಚು ಉಳಿಯಿತು. ಆದರೆ ಮನೆಯೊಳಗಿನ ವಸ್ತುಗಳಿಗೂ ಒಂದು ಬೆಲೆ ಇದೆ ಎಂದು ಅರ್ಜಿಯ ನಮೂನೆಯಲ್ಲೇ ಒಪ್ಪಿಕೊಂಡದ್ದು ಅದರ ಒಳ್ಳೆಯ ಅಂಶ.

ಭಾರತದಲ್ಲೂ ಹೊಸ ಪ್ರಯತ್ನಗಳು ನಡೆದಿವೆ. ನಾಗಾಲ್ಯಾಂಡ್ ಸರ್ಕಾರ 2021ರಲ್ಲಿ ಮಳೆಯ ಪ್ರಮಾಣವನ್ನೇ ಆಧಾರವಾಗಿಟ್ಟು ಇಡೀ ರಾಜ್ಯಕ್ಕೆ ವಿಮೆ ಕೊಂಡಿತು. ನಿಗದಿತ ಮಿತಿ ದಾಟಿದರೆ ಸರ್ವೆಗಾಗಿ ಕಾಯದೆ ಹಣ ಬರುವ ಕ್ರಮ ಅದು. ಗುಜರಾತಿನ ಸೇವಾ ಸಂಘಟನೆಯ ಮಹಿಳೆಯರಿಗೆ ಬಿಸಿಲಿನ ತಾಪಕ್ಕೆ ಇದೇ ಬಗೆಯ ವಿಮೆ ಬಂದಿದೆ. ಕೃಷ್ಣಾ ತೀರದಲ್ಲಿ ಹೊಳೆಯ ಮಟ್ಟ ದಿನವೂ ಅಳೆಯಲ್ಪಡುತ್ತದೆ. ಆ ಅಳತೆಯ ಮೇಲೆಯೇ ಸ್ತ್ರೀ ಸಂಘಗಳಿಗೆ ಇಂತಹದೊಂದನ್ನು ರೂಪಿಸುವುದು ಅಸಾಧ್ಯವೇನಲ್ಲ.

ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ

ವಿಮೆ ಎಂದೊಡನೆ ಇದು ಜಾಯಿಝೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುವುದು ಸಹಜ, ಅದು ಏಳಲೂ ಬೇಕು. 1985ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯ ವಿದ್ವಾಂಸರು ಲಾಭಕ್ಕಾಗಿ ನಡೆಯುವ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ. ಒಪ್ಪಂದದಲ್ಲಿ ಗರರ್, ಅಂದರೆ ಅನಿಶ್ಚಿತತೆ ಇದೆ ಎಂಬುದು ಮುಖ್ಯ ಕಾರಣ. ಕಂತಿನ ಹಣ ಬಡ್ಡಿಯಲ್ಲಿ ತೊಡಗುತ್ತದೆ ಎಂಬ ಆಕ್ಷೇಪವೂ ಇದೆ. ಅದೇ ವಿದ್ವಾಂಸರು ಪರಸ್ಪರ ಸಹಕಾರದ ವಿಮೆಯನ್ನು ಎತ್ತಿಹಿಡಿದರು. ಇದನ್ನೇ ತಕಾಫುಲ್ ಎನ್ನುವುದು. ಎಲ್ಲರೂ ದಾನವಾಗಿ ಕೊಟ್ಟ ಹಣ ಒಂದು ನಿಧಿಯಾಗಿ, ಕಷ್ಟ ಬಂದವರಿಗೆ ಅದರಿಂದ ಹೋಗುತ್ತದೆ. ಮಲೇಶಿಯಾ 1984ರಲ್ಲೇ ಇದಕ್ಕೊಂದು ಕಾನೂನು ಮಾಡಿತು. ಅದರ ಬೇರು ಹಳೆಯದು. ಆಹಾರ ಕಡಿಮೆಯಾದಾಗ ಇದ್ದಷ್ಟನ್ನು ಒಂದೇ ಬಟ್ಟೆಯಲ್ಲಿ ಸುರಿದು ಸಮನಾಗಿ ಹಂಚಿಕೊಳ್ಳುತ್ತಿದ್ದ ಅಶ್‌ಅರೀ ಗೋತ್ರದವರನ್ನು ಪ್ರವಾದಿ(ಸ)ಯವರು ಮೆಚ್ಚಿದ್ದನ್ನು ಹದೀಸ್ ಓದಿದವರೆಲ್ಲ ಬಲ್ಲರು.

ನಮ್ಮ ಹಳ್ಳಿಗಳಲ್ಲಿ ತಕಾಫುಲ್‌ನ ಗೃಹ ವಿಮೆ ಸಿಗುವುದಿಲ್ಲ. ಗಲಭೆಗಳಲ್ಲಿ ಮನೆ ಅಂಗಡಿಗಳು ಸುಟ್ಟುಹೋಗುವ ಪರಿಸ್ಥಿತಿಯನ್ನು ಕಂಡ ಭಾರತದ ಕೆಲವು ಉಲಮಾಗಳು ಆಸ್ತಿ ವಿಮೆಗೆ ಅನಿವಾರ್ಯತೆಯ ನೆಲೆಯಲ್ಲಿ ಅವಕಾಶ ಕೊಟ್ಟಿದ್ದಾರೆ, ಕೆಲವರು ಕೊಟ್ಟಿಲ್ಲ. ಈ ಪುಟದಲ್ಲಿ ಫತ್ವಾ ಹೇಳುವುದು ನನ್ನ ಕೆಲಸವಲ್ಲ. ನಿಮಗೆ ವಿಶ್ವಾಸವಿರುವ ಆಲಿಮರನ್ನು ಕೇಳಿ, ಕೇಳುವಾಗ ನಿಮ್ಮ ಮನೆ ಹೊಳೆಯಿಂದ ಎಷ್ಟು ದೂರದಲ್ಲಿದೆ, ಎಷ್ಟು ಸಲ ಮುಳುಗಿದೆ ಎಂಬುದನ್ನೂ ಹೇಳಿ. ಬೇಡವೆಂದು ತೀರ್ಮಾನಿಸಿದವರಿಗೂ ಇನ್ನೊಂದು ದಾರಿ ತೆರೆದೇ ಇದೆ. ಜಮಾಅತ್‌ನ ಬೈತುಲ್ ಮಾಲ್‌ನಲ್ಲಿ ಮಳೆಗಾಲಕ್ಕೆ ಮುಂಚೆ ನೆರೆ ನಿಧಿ ಎಂದು ಬೇರೆ ತೆಗೆದಿಡಬಹುದು. ನೆರೆ ಬಂದ ಮೇಲೆ ಊರೂರಿನಿಂದ ಹಳೆಯ ಬಟ್ಟೆಯ ಮೂಟೆಗಳು ಲಾರಿಯಲ್ಲಿ ಬಂದು ಬೀಳುವುದನ್ನು ನೋಡಿದ್ದೇವೆ. ಹೊಲಿಗೆ ಯಂತ್ರ ಕಳೆದುಕೊಂಡವಳಿಗೆ ಬೇಕಿರುವುದು ಯಂತ್ರ.

ಉತಾರದಲ್ಲಿ ಯಾರ ಹೆಸರು?

ಸರ್ಕಾರದ ಪರಿಹಾರವಿರಲಿ, ವಿಮೆಯಿರಲಿ, ಮೊದಲ ಪ್ರಶ್ನೆ ಒಂದೇ: ಮನೆ ಯಾರ ಹೆಸರಲ್ಲಿದೆ? ಪಂಚಾಯಿತಿಯ ಉತಾರದಲ್ಲಿ ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡ ಮಾವನ ಹೆಸರು ಇರುತ್ತದೆ. ಅದರೊಳಗೆ ಮೂರು ಸಂಸಾರ, ಮೂರು ಒಲೆ. ಪರಿಹಾರ ಬರುವುದು ಒಂದು ಮನೆಗೆ. ಯಾರಿಗೆ ಸಿಗಬೇಕೆಂಬ ತಕರಾರಿನಲ್ಲಿ ಯಾರಿಗೂ ಸಿಗದೆ ಉಳಿಯುತ್ತದೆ. ವಿಧವೆಯ ಪಾಡು ಇನ್ನೂ ಕಷ್ಟ. ಆಕೆ ಆ ಮನೆಯಲ್ಲಿ ಇದ್ದಳೆಂಬುದಕ್ಕೇ ಕಾಗದ ತೋರಿಸಬೇಕು. ಸತ್ತವರ ಆಸ್ತಿಯಲ್ಲಿ ಯಾರಿಗೆ ಎಷ್ಟು ಪಾಲೆಂದು ಕುರ್‌ಆನ್ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ವರ್ಷಗಟ್ಟಲೆ ಪಾಲು ಮಾಡದೆ, ಹೆಣ್ಣುಮಕ್ಕಳ ಹೆಸರನ್ನು ಬರೆಸದೆ ಉಳಿಸಿಕೊಂಡು ಬರುವ ನಮ್ಮ ಮನೆಗಳ ರೂಢಿ ನೆರೆಯ ದಿನ ಬಯಲಿಗೆ ಬರುತ್ತದೆ. ವಾರಸುದಾರರ ಹೆಸರು ಸೇರಿಸಲು ಮರಣ ಪ್ರಮಾಣಪತ್ರ ಮತ್ತು ವಂಶಾವಳಿ ಇಟ್ಟು ಪಂಚಾಯಿತಿಗೆ ಅರ್ಜಿ ಕೊಡಬೇಕು. ಇ-ಸ್ವತ್ತಿನ ದಾಖಲೆ ಆದರೆ ಮತ್ತೂ ಒಳ್ಳೆಯದು. ಈ ಕೆಲಸಕ್ಕೆ ಬೇಸಿಗೆಯ ತಿಂಗಳುಗಳೇ ಸರಿ. ನೆರೆಯ ನಂತರ ಆ ಕಚೇರಿಯ ಮುಂದೆ ಸಾಲು ಎಷ್ಟುದ್ದ ಇರುತ್ತದೆಂದು ಹೇಳಬೇಕಿಲ್ಲ.

ಮೇ ತಿಂಗಳಲ್ಲಿ ಮನೆಯ ನಾಲ್ಕೂ ಗೋಡೆ, ಅಡುಗೆ ಕೋಣೆ, ಟ್ರಂಕಿನ ಒಳಗು, ಯಂತ್ರ, ಮಗ್ಗ ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಬೇರೆ ಊರಿನಲ್ಲಿರುವ ತಂಗಿಗೋ ಮಗಳಿಗೋ ಕಳಿಸಿಡಿ. ಮೊಬೈಲ್ ನೀರು ಪಾಲಾದರೂ ಚಿತ್ರ ಉಳಿಯುತ್ತದೆ. ಉತಾರ, ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ನಿಕಾಹ್‌ನಾಮಾ, ಮಕ್ಕಳ ಅಂಕಪಟ್ಟಿ ಇಷ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೈಗೆ ಸಿಗುವಂತೆ ಇಡಿ. ನೀರು ಇಳಿದ ಮೇಲೆ ಕೆಸರು ಬಳಿಯುವ ಮೊದಲು ಮತ್ತೊಮ್ಮೆ ಫೋಟೋ ತೆಗೆಯಿರಿ. ಮನೆ ಹೊಲಸಾಗಿದೆ, ಬಂದವರು ಏನೆಂದುಕೊಂಡಾರು ಎಂದು ಅಧಿಕಾರಿಗಳು ಬರುವ ಮೊದಲೇ ಎಲ್ಲವನ್ನೂ ತೊಳೆದು ಸಾರಿಸಿ ಇಟ್ಟರೆ ನೀರು ಎಲ್ಲಿಯವರೆಗೆ ನಿಂತಿತ್ತು ಎಂಬ ಗೋಡೆಯ ಗುರುತು ಅಳಿಸಿಹೋಗುತ್ತದೆ. ಸರ್ವೆಗೆ ಬಂದಾಗ ಗಂಡಸರು ಮನೆಯಲ್ಲಿ ಇಲ್ಲವೆಂದು ಬಾಗಿಲ ಹಿಂದೆ ನಿಲ್ಲಬೇಡಿ. ಪಂಚನಾಮೆಯಲ್ಲಿ ಏನು ಬರೆದಿದ್ದಾರೆಂದು ಗಟ್ಟಿಯಾಗಿ ಓದಿಸಿ ಕೇಳಿ, ಬಿಟ್ಟುಹೋದ ವಸ್ತುವಿದ್ದರೆ ಅಲ್ಲೇ ಸೇರಿಸಲು ಹೇಳಿ, ಆಮೇಲೆ ಸಹಿ ಹಾಕಿ.